ಸ್ಲ್ಯಾಬಿನ ಕೆಳಗೆ ಕೂರುವವರು ಯಾರು?

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಸಭೆಯವರು ಭಕ್ತಿಯಿಂದ ಚರ್ಚು ಕಟ್ಟಿದರು ಎಂದು ಎಲ್ಲರೂ ಹೇಳುತ್ತಾರೆ. ಕಟ್ಟಡ ಸಮಿತಿಯ ಕಾರ್ಯದರ್ಶಿಯಾಗಿ ನಾನು ಕಂಡದ್ದು ಬರೀ ಹೆದರಿಕೆ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಹಾಜರಾಗುತ್ತಿತ್ತು. ನಾನಂತೂ ಹುಟ್ಟು ಪುಕ್ಕಲ. ಲಿಫ್ಟ್ ಸ್ವಲ್ಪ ಅಲುಗಿದರೂ ಹೆಂಡತಿಯ ಕೈ ಹಿಡಿಯುವವನು.

೧. ಹಾರಿದ ತಗಡು

ಮೊದಲು ನಮಗಿದ್ದದ್ದು ತಗಡಿನ ಶೆಡ್ಡು. ಮಳೆಗಾಲದ ಒಂದು ಭಾನುವಾರ ಪಾಸ್ಟರ್ ಪ್ರಾರ್ಥಿಸುತ್ತಿದ್ದಾಗ ಅವರ ತಲೆಯ ಮೇಲಿನ ತಗಡು ಪಟಪಟ ಬಡಿದುಕೊಳ್ಳತೊಡಗಿತು. ಕದ್ದು ಕಣ್ಣು ತೆರೆದೆ. ಪಾಸ್ಟರ್ ಕೂಡ ಒಂದು ಕಣ್ಣು ತೆರೆದು ಮೇಲೆ ನೋಡುತ್ತಿದ್ದರು. ನಾವಿಬ್ಬರೂ ನೋಡುತ್ತಿದ್ದಂತೆ ತಗಡು ಎದ್ದು ಪಕ್ಕದ ಹೌಸಿಂಗ್ ಸೊಸೈಟಿಯ ಅಂಗಳಕ್ಕೆ ಹಾರಿತು.

ಅದನ್ನು ತರಲು ನಾನು ಹೋದೆ. ಅದು ಅಲ್ಲಿನ ಸೆಕ್ರೆಟರಿಯ ಹೊಸ ಕಾರಿನ ಪಕ್ಕದಲ್ಲೇ ಬಿದ್ದಿತ್ತು. ಆ ಮರಾಠಿ ಗೃಹಸ್ಥರು ಬೈಯಲಿಲ್ಲ. ನಿಮ್ಮ ಪಕ್ಕಾ ಚರ್ಚು ಬೇಗ ಆಗಲಿ ಎಂದು ಇವತ್ತಿನಿಂದಲೇ ಗಣಪತಿಗೆ ಹೇಳಿಕೊಳ್ಳುತ್ತೇನೆ ಎಂದರು.

೨. ಚಟ್ನಿಯ ಕಾಯಿ

ಚಾವಣಿಯ ಸ್ಲ್ಯಾಬ್ ಹಾಕುವ ದಿನ. ಆಕಾಶದಲ್ಲಿ ಮೋಡ. ಕೆಲಸಗಾರರ ಮುಕಾದಮ ಕೈಕಟ್ಟಿ ನಿಂತುಬಿಟ್ಟ. "ನಾರಿಯಲ್ ನಹೀ, ತೋ ಸ್ಲ್ಯಾಬ್ ನಹೀ." ಕಾಯಿ ಒಡೆಯದೆ ಶುರು ಮಾಡಿದರೆ ಯಾರಾದರೂ ಮೇಲಿಂದ ಬೀಳುತ್ತಾರೆಂಬ ಭಯ ಅವನಿಗೆ. ಚರ್ಚಿನಲ್ಲಿ ಕಾಯಿ ಒಡೆದರೆ ಊರೆಲ್ಲ ಏನೆಂದೀತು ಎಂಬ ಭಯ ನಮ್ಮ ಹಿರಿಯರಿಗೆ.

ಕೆಲಸಗಾರರಿಗೆ ಇಡ್ಲಿ ಬೇಯಿಸುತ್ತಿದ್ದ ಪಾಸ್ಟರಮ್ಮ ಉಡುಪಿ ಕಡೆಯವರು. ತೆಂಗಿನಕಾಯಿ ತಂದು ಮುಕಾದಮನ ಕೈಗಿತ್ತು, ಚಟ್ನಿಗೆ ಬೇಕು, ಇಲ್ಲೇ ಒಡೆದುಕೊಡಪ್ಪ ಎಂದರು. ಅವನು ಕಣ್ಣು ಮುಚ್ಚಿ ಕೈಮುಗಿದು ಕಂಬದ ಬುಡದಲ್ಲಿ ಒಡೆದ. ಹಿರಿಯರೆಲ್ಲ ಮೋಡ ನೋಡುತ್ತಿದ್ದರು. ಅವರಲ್ಲಿ ಅತಿ ಕಟ್ಟುನಿಟ್ಟಿನವರು ಆ ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡರು.

೩. ಅಜ್ಜಿಯ ಸಾಕ್ಷಿ

ಸ್ಲ್ಯಾಬಿಗೆ ಕೊಟ್ಟಿದ್ದ ಆಧಾರದ ಕಂಬಗಳನ್ನು ತೆಗೆದ ಮೇಲಿನ ಮೊದಲ ಭಾನುವಾರ ನನಗೆ ಊಟ ಸೇರಲಿಲ್ಲ. ಕಂತ್ರಾಟುದಾರನನ್ನು ಹುಡುಕಿ ತಂದವನು ನಾನೇ. ಸ್ಲ್ಯಾಬ್ ಬಿದ್ದರೆ, ಅಷ್ಟೂ ಜನರ ಜೀವ ನನ್ನ ತಲೆಗೆ.

ಭಯ ನನಗೊಬ್ಬನಿಗೇ ಇರಲಿಲ್ಲ. ಅಂಬರನಾಥದಿಂದ ಸದಾ ತಡವಾಗಿ ಬರುವವರು ಬೇಗ ಬಂದು ಬಾಗಿಲ ಬಳಿಯ ಕುರ್ಚಿ ಹಿಡಿದಿದ್ದರು. ಉಳಿದವರು ಗೋಡೆಗೆ ಅಂಟಿಕೊಂಡಿದ್ದರು. ನಟ್ಟನಡುವೆ, ಫ್ಯಾನಿನ ಕೆಳಗೆ, ಸಭೆಯ ಅತಿ ಹಿರಿಯ ಅಜ್ಜಿ ಒಬ್ಬರೇ. ಹೆದರಬೇಡಿರಿ ಎಂಬ ಬೈಬಲ್ ವಚನದ ಮೇಲೆಯೇ ಅಂದಿನ ಪ್ರಸಂಗ. ಪಾಸ್ಟರ್ ಅದನ್ನು ಬಾಗಿಲ ಪಕ್ಕ ನಿಂತು ಹೇಳುತ್ತಿದ್ದರು.

ಅಷ್ಟರಲ್ಲಿ ಢಂ ಎಂದಿತು. ಎಲ್ಲರೂ ಹೊರಗೆ ಓಡಿದೆವು. ನಾನು ಗೇಟು ಮುಟ್ಟುವಾಗ ಪಾಸ್ಟರ್ ಆಗಲೇ ರಸ್ತೆಯಲ್ಲಿದ್ದರು. ಒಡೆದದ್ದು ಅಲ್ಲಿ ನಿಂತಿದ್ದ ಟೆಂಪೋದ ಟಯರು.

ತಲೆತಗ್ಗಿಸಿ ಒಳಗೆ ಬಂದೆವು. ಅಜ್ಜಿ ಕುಳಿತಲ್ಲೇ ಇದ್ದರು. ಪಾಸ್ಟರರ ಕಣ್ಣು ತುಂಬಿತು. ವಿಶ್ವಾಸವೆಂದರೆ ಇದು ಎಂದು ಹೇಳಿ, ಸಾಕ್ಷಿ ಕೊಡಿ ಎಂದು ಮೈಕನ್ನು ಅಜ್ಜಿಯ ಕೈಗಿತ್ತರು. ದೇವರು ತಮ್ಮನ್ನು ಕಾಪಾಡಿದ್ದನ್ನು ಒಬ್ಬರು ಹೇಳುವುದು, ಉಳಿದವರೆಲ್ಲ ಆಮೆನ್ ಎನ್ನುವುದು ನಮ್ಮಲ್ಲಿ ವಾಡಿಕೆ.

ಅಜ್ಜಿ ಹೇಳಿದರು: "ನಾನೂ ಓಡುವವಳೇ ಮಾರಾಯ್ರೆ. ಮಂಡಿ ಬಿಡ್ಲಿಲ್ಲ. ಕೈ ಕೊಡಿ, ಕೈ ಕೊಡಿ ಅಂತ ಒಬ್ಬೊಬ್ಬರ ಹೆಸರು ಹಿಡಿದು ಕರೆದೆ. ಮೊದಲು ಪಾಸ್ಟರನ್ನೇ ಕರೆದದ್ದು."