ಪೊರಕೆ ಕಟ್ಟಿದ ವ್ಯಾನನ್ನು ನನ್ನ ಬೆನ್ನಿಗೆ ಬಿಟ್ಟ ಸಮಿತಿಯವರಿಗೆ

ನೂರು ಕಿಲೋಮೀಟರಿನ ಸಾಮೂಹಿಕ ಸೈಕಲ್ ಸವಾರಿ ಏರ್ಪಡಿಸಿದ ಸಮಿತಿಯ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಸೀಟಿ ಊದಿದ ಮಹನೀಯರಿಗೆ ಹಾಗೂ ದಾರಿಯುದ್ದಕ್ಕೂ ಬಾಳೆಹಣ್ಣು ಹಂಚಿದ ಸಮಸ್ತರಿಗೆ,

ಮಾನ್ಯರೇ,

ತಾವೆಲ್ಲರೂ ಕ್ಷೇಮವಾಗಿದ್ದೀರಿ, ತಮ್ಮ ಮಂಡಿಗಳು ಸುಖವಾಗಿವೆ, ತಮ್ಮ ಸೀಟಿಗಳು ಇನ್ನೂ ಗಟ್ಟಿಯಾಗಿ ಕೂಗುತ್ತಿವೆ ಎಂದು ನಂಬಿ ಈ ಪತ್ರವನ್ನು ಆರಂಭಿಸುತ್ತೇನೆ. ಜಗಳದ ಪತ್ರವಾದರೂ ಮೊದಲು ಎದುರಿನವರ ಆರೋಗ್ಯ ವಿಚಾರಿಸಬೇಕೆಂದು ನಮ್ಮ ಹಳ್ಳಿ ಶಾಲೆಯ ಮೇಷ್ಟ್ರು ಕಲಿಸಿದ್ದರು. ಏಳನೇ ತರಗತಿಗೇ ನಾನು ಶಾಲೆ ಬಿಟ್ಟದ್ದರಿಂದ, ವಿಚಾರಿಸಿದ ಮೇಲೆ ಮುಂದೇನು ಮಾಡಬೇಕೆಂಬ ಪಾಠ ಬಾಕಿ ಉಳಿಯಿತು. ಹಾಗಾಗಿ ಇಲ್ಲಿ ಏನಾದರೂ ಹೆಚ್ಚುಕಮ್ಮಿ ಕಂಡುಬಂದರೆ ತಪ್ಪು ಎಂಟನೇ ತರಗತಿಯದು, ನನ್ನದಲ್ಲ. ಇದನ್ನು ಬಹಿರಂಗವಾಗಿ ಬರೆಯಲು ಕಾರಣವಿಷ್ಟೇ: ಮೊದಲು ಮುಚ್ಚಿದ ಲಕೋಟೆಯಲ್ಲಿ ಬರೆದಾಗ ತಮ್ಮ ಕಚೇರಿಯಿಂದ 'ತಮ್ಮ ಅಮೂಲ್ಯ ಸಲಹೆಗಾಗಿ ಧನ್ಯವಾದಗಳು' ಎಂಬ ಉತ್ತರ ಬಂತು. ನಾನು ಸಲಹೆ ಕೊಟ್ಟಿರಲಿಲ್ಲ ಮಾನ್ಯರೇ, ಬೈದಿದ್ದೆ.

ನಾನು ಯಾರೆಂದು ತಮಗೆ ನೆನಪಿರಲಾರದು, ಏಕೆಂದರೆ ತಾವು ನನ್ನನ್ನು ನೋಡುವ ಹೊತ್ತಿಗೆ ಬೆಳಕು ಇಳಿದಿತ್ತು. ನಾನು ಮೂಲೆ ಅಂಗಡಿಯ ದರ್ಜಿ. ನನ್ನ ಅಣ್ಣನ ಮಗಳು ಚಿಕ್ಕಪ್ಪ ಎಂದು ಕರೆಯುವುದನ್ನು ಕೇಳಿ ಕೇಳಿ ಇಡೀ ಬೀದಿ ನನ್ನನ್ನು ಚಿಕ್ಕಪ್ಪ ಮಾಡಿಕೊಂಡಿದೆ; ನನಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಹೊಲಿಗೆ ಯಂತ್ರದ ಪೆಡಲನ್ನು ನಾನು ಇಷ್ಟು ವರ್ಷ ತುಳಿದಿರುವ ತುಳಿತವನ್ನೆಲ್ಲ ಬಿಚ್ಚಿ ರಸ್ತೆಯ ಮೇಲೆ ಹಾಸಿದರೆ, ಭೂಮಿಯನ್ನು ಎರಡು ಸುತ್ತು ಸುತ್ತಿ ಮೂರನೆಯ ಸುತ್ತಿಗೆ ದಾರದ ಉಂಡೆ ಬದಲಾಯಿಸಬೇಕಾಗುತ್ತದೆ. ಇದನ್ನು ನಾನು ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಆಗಾಗ ಹೇಳುತ್ತಿದ್ದೆ. ಹೇಳಿದಾಗಲೆಲ್ಲ ನನ್ನಾಕೆ ಬಡಿಸುವ ಸೌಟು ನಿಲ್ಲಿಸದೆ 'ಸುಳ್ಳು' ಎನ್ನುತ್ತಿದ್ದಳು. ನಮ್ಮ ಸಂಸಾರ ಈ ರೀತಿ ಬಹಳ ನೆಮ್ಮದಿಯಿಂದ ಸಾಗುತ್ತಿತ್ತು.

ನೆಮ್ಮದಿ ಕೆಡಿಸಿದವನು ನನ್ನ ಭಾಮೈದ, ಅಂದರೆ ನನ್ನಾಕೆಯ ತಮ್ಮ. ಒಂದು ದಿನ ನಮ್ಮ ಮನೆಯ ಅನ್ನವನ್ನೇ ಉಣ್ಣುತ್ತ ಕೂತಿದ್ದವನು, "ಭಾವ, ಬಾಯಲ್ಲಿ ತುಳಿದಿದ್ದು ಸಾಕು, ಒಂದ್ಸಲ ಕಾಲಲ್ಲಿ ತುಳಿದು ತೋರ್ಸಿ" ಎಂದ. ಆ ಕ್ಷಣಕ್ಕೇ ಕಾದಿದ್ದವಳ ಹಾಗೆ ಅಣ್ಣನ ಮಗಳು ಫೋನು ತೆಗೆದು, ನಾನು ಕೈ ತೊಳೆದು ಬರುವಷ್ಟರಲ್ಲಿ ತಮ್ಮ ಸವಾರಿಗೆ ನನ್ನ ಹೆಸರು ಸೇರಿಸಿಬಿಟ್ಟಿದ್ದಳು. ಪಂದ್ಯವೂ ಅಲ್ಲೇ ಕಟ್ಟಿದ್ದಾಯಿತು: ನೂರು ಕಿಲೋಮೀಟರ್ ಮುಗಿಸಿ ಪದಕ ತಂದರೆ ಭಾಮೈದ ನನ್ನ ಕಥೆಗಳನ್ನೆಲ್ಲ ಎದ್ದು ನಿಂತು ಕೇಳಬೇಕು, ತರದೇ ಹೋದರೆ ನಾನು ಇನ್ನು ಜನ್ಮದಲ್ಲಿ ಊಟದ ಹೊತ್ತಿಗೆ ಕಥೆ ಹೇಳಕೂಡದು. ಹೊಲ, ಮನೆ ಏನನ್ನಾದರೂ ಪಣಕ್ಕಿಟ್ಟಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ನನ್ನ ಆಸ್ತಿಯೆಂದರೆ ಆ ಕಥೆಗಳೇ. ಆದರೂ ಭಯ ತೋರಿಸಬಾರದೆಂದು ಮಾರನೆಯ ದಿನವೇ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಒಂದು ಮೊಳೆ ಹೊಡೆದು, ಇದು ಪದಕಕ್ಕೆ ಎಂದು ಬಂದ ಗಿರಾಕಿಗಳಿಗೆಲ್ಲ ತೋರಿಸಿದೆ.

ತಯಾರಿಯಲ್ಲಿ ನಾನು ಯಾವ ಕೊರತೆಯನ್ನೂ ಮಾಡಲಿಲ್ಲ. ತಮ್ಮ ಸವಾರರೆಲ್ಲ ಹಾಕಿಕೊಂಡು ಬಂದಿದ್ದ ಆ ಮೈಗಂಟುವ ಚಡ್ಡಿಗಳ ಹೊಲಿಗೆ ಎಷ್ಟು ಕಳಪೆಯೆಂದು ನಾನಿಲ್ಲಿ ಹೇಳಹೊರಟರೆ ಪತ್ರ ಉದ್ದವಾಗುತ್ತದೆ. ನನ್ನ ಚಡ್ಡಿಯನ್ನು ನಾನೇ ಹೊಲಿದೆ. ಕೂರುವ ಜಾಗಕ್ಕೆ ಕೋಟಿನ ಭುಜಕ್ಕೆ ಇಡುವ ಮೆತ್ತೆಗಳನ್ನು ಎರಡೆರಡು ಪದರ ಇಟ್ಟೆ. ಹಿಂದಿನಿಂದ ನೋಡಿದರೆ ಯಾರೋ ಅಧಿಕಾರಿಗಳು ತಲೆಕೆಳಗಾಗಿ ಹೋಗುತ್ತಿರುವಂತೆ ಕಾಣುತ್ತದೆಂದು ಅಣ್ಣನ ಮಗಳು ಹೇಳಿದಳು. ಸೈಕಲ್ಲೂ ನನ್ನದೇ: ಬೆಲ್ಲು, ಸ್ಟ್ಯಾಂಡು, ಬಟ್ಟೆ ಗಂಟು ಹೊರುವ ಅಗಲವಾದ ಕ್ಯಾರಿಯರ್, ಎಲ್ಲ ಇದ್ದ ಸೈಕಲ್ಲು. ಹೊರಡುವ ಸ್ಥಳದಲ್ಲಿ ನೂರಾರು ಸೈಕಲ್ಲುಗಳ ನಡುವೆ ಸ್ಟ್ಯಾಂಡು ಹಾಕಿ ಸ್ವಂತ ಕಾಲಮೇಲೆ ನಿಂತದ್ದು ಅದೊಂದೇ. ಉಳಿದವೆಲ್ಲ ಗೋಡೆಗೆ ಒರಗಿದ್ದವು.

ಇನ್ನು ತಮ್ಮ ವ್ಯವಸ್ಥೆಯ ಗುಣಗಾನಕ್ಕೆ ಬರುತ್ತೇನೆ. ಸುಸ್ತಾದವರನ್ನು ಎತ್ತಿಕೊಂಡು ಬರಲು ಎಲ್ಲರಿಗಿಂತ ಹಿಂದೆ ಒಂದು ವ್ಯಾನು ಬಿಡುವ ತಮ್ಮ ದಯೆ ದೊಡ್ಡದು. ಅದರ ಮುಂಭಾಗಕ್ಕೆ, ಇದು ಉಳಿದವರನ್ನು ಗುಡಿಸಿಕೊಂಡು ಬರುವ ಗಾಡಿ ಎಂದು ಸಾರಲು, ನಿಜವಾದ ಒಂದು ಪೊರಕೆಯನ್ನೇ ಕಟ್ಟಿದ ತಮ್ಮ ರಸಿಕತೆ ಇನ್ನೂ ದೊಡ್ಡದು. ಆದರೆ ಆ ವ್ಯಾನು ಓಡಿಸಲು ಸ್ವಯಂಸೇವಕರು ಬೇಕೆಂದು ತಾವು ಕರೆಕೊಟ್ಟಾಗ, ಈ ಭೂಮಂಡಲದಲ್ಲಿ ಲೈಸೆನ್ಸ್ ಇರುವ ಇಷ್ಟು ಕೋಟಿ ಜನರಲ್ಲಿ ನನ್ನ ಭಾಮೈದನನ್ನೇ ಹುಡುಕಿ ಕೂರಿಸಿದಿರಲ್ಲ, ಆ ಪ್ರತಿಭೆಗೆ ನಾನು ತಲೆಬಾಗುತ್ತೇನೆ. ಅವನ ಪಕ್ಕದ ಸೀಟಿನಲ್ಲಿ, ತಮ್ಮನ ಜೊತೆ ಹಾಗೇ ಒಂದು ಸುತ್ತು ಹೋಗಿ ಬರುತ್ತೇನೆಂದು ಹೊರಟಿದ್ದ ನನ್ನಾಕೆ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಸಿನಿಮಾ ನೋಡಲು ಬಂದವಳ ಹಾಗೆ ಕೂತಿದ್ದಳು.

ಮೊದಲ ಮೂವತ್ತು ಕಿಲೋಮೀಟರ್ ನಾನು ಆ ವ್ಯಾನಿನ ಮುಖವನ್ನೇ ನೋಡಲಿಲ್ಲ ಎಂದು ಹೆಮ್ಮೆಯಿಂದ ದಾಖಲಿಸುತ್ತೇನೆ. ಆಮೇಲೆ ತಾವು ಒಂದು ಏರು ಇಟ್ಟಿದ್ದಿರಿ. ಅದನ್ನು ಅಲ್ಲಿ ಇಟ್ಟವರು ಯಾರು, ಯಾವ ಸಭೆಯಲ್ಲಿ ತೀರ್ಮಾನವಾಯಿತು, ಅದನ್ನು ಸ್ವಲ್ಪ ಎಡಕ್ಕೆ ಸರಿಸಲು ಏನು ಅಡ್ಡಿಯಿತ್ತು ಎಂಬುದನ್ನು ತಿಳಿಸಬೇಕಾಗಿ ವಿನಂತಿ. ಏರಿನ ಅರ್ಧದಲ್ಲಿ ಹಿಂದಿನಿಂದ ಗುರ್ ಎಂಬ ಸದ್ದು ಬಂತು, ತಿರುಗಿ ನೋಡಿದರೆ ಪೊರಕೆ. ಅಲ್ಲಿಂದ ಮುಂದೆ ಸಂಜೆಯವರೆಗೂ ಆ ಪೊರಕೆ ನನ್ನ ಹಿಂದಿನ ಚಕ್ರಕ್ಕೆ ಒಂದು ಮೊಳ ದೂರದಲ್ಲೇ ಇತ್ತು. ನಾನು ಅಂಗಡಿಯಲ್ಲಿ ಚಿಂದಿ ಗುಡಿಸುವಾಗ ಚಿಂದಿಗೆ ಹೇಗನಿಸುತ್ತದೆಂದು ಅವತ್ತು ತಿಳಿಯಿತು.

ಭಾಮೈದ ಕಿಟಕಿಯಿಂದ ತಲೆ ಹೊರಹಾಕಿ, "ಹತ್ತಿ ಭಾವ, ಸುಮ್ನೆ ಯಾಕೆ ಒದ್ದಾಡ್ತೀರಾ? ಸೀಟು ಮೆತ್ತಗಿದೆ, ನಿಮ್ಮ ಚಡ್ಡಿಗಿಂತಲೂ ಮೆತ್ತಗಿದೆ" ಎಂದು ತಿರುವಿಗೊಮ್ಮೆ ಕರೆಯುತ್ತಿದ್ದ. ಸೋತು ಹತ್ತಿದವರಿಂದ ವ್ಯಾನು ತುಂಬುತ್ತ ಬಂತು. ಬೆಳಿಗ್ಗೆ ನನ್ನ ಕ್ಯಾರಿಯರನ್ನು ನೋಡಿ, ಬಟ್ಟೆ ಡೆಲಿವರಿ ಎಲ್ಲಿಗೆ ಎಂದು ಕೇಳಿದ್ದ ಹಲ್ಲಿನ ಡಾಕ್ಟರು ಮಧ್ಯಾಹ್ನಕ್ಕೆ ಅದರೊಳಗೆ ಕಡಲೆಕಾಯಿ ತಿನ್ನುತ್ತ ಕೂತು, ಸಿಪ್ಪೆಯನ್ನು ಹೊರಗೆ ಬಿಸಾಡುತ್ತ, "ಭೇಷ್ ಚಿಕ್ಕಪ್ಪ, ಬಿಡ್ಬೇಡಿ!" ಎಂದು ಕೂಗುತ್ತಿದ್ದರು. ನನ್ನಾಕೆ ಮಾತ್ರ ಒಂದೇ ಒಂದು ಸಲ, ನಾನು ಸೈಕಲ್ ಇಳಿದು ನೂಕುತ್ತ ಹೋಗುವಾಗ, ಕಿಟಕಿಯಿಂದ ನೀರಿನ ಬಾಟಲಿ ಚಾಚಿ, "ರೀ, ಕುಡೀರಿ. ಕುಡಿದ್ರೆ ಹತ್ತಿದ ಹಾಗೆ ಆಗಲ್ಲ" ಎಂದಳು.

ತಮ್ಮ ಮೂರನೆಯ ನಿಯಮ ನನಗೆ ಬಾಯಿಪಾಠವಾಗಿದೆ: ಸಂಜೆ ಆರರ ತನಕ ವ್ಯಾನು ಕೊನೆಯ ಸವಾರನ ಹಿಂದೆಯೇ ಇರತಕ್ಕದ್ದು, ಆರಾದ ಮೇಲೆ ತನ್ನ ವೇಗದಲ್ಲಿ ಮುಂದೆ ಸಾಗತಕ್ಕದ್ದು, ಅದು ಯಾರನ್ನು ದಾಟುತ್ತದೋ ಅವರ ಸವಾರಿ ಅಲ್ಲಿಗೆ ಮುಗಿದಂತೆ, ಅದು ಬಂದು ಸೇರುವ ತನಕ ಮುಕ್ತಾಯದ ಕಮಾನು ತೆರೆದಿರತಕ್ಕದ್ದು. ಸೇತುವೆಯ ಹತ್ತಿರ ಬಂದಾಗ ಆರಾಯಿತು. ಸೇತುವೆಯಾಚೆ ತಮ್ಮ ಬಣ್ಣದ ಕಮಾನು ಕಾಣುತ್ತಿತ್ತು, ಬ್ಯಾಂಡಿನವರು ವಾದ್ಯಗಳನ್ನು ಚೀಲಕ್ಕೆ ತುಂಬುವುದೂ ಕಾಣುತ್ತಿತ್ತು. ನನ್ನ ಕಾಲುಗಳು ಯಾರೋ ಬೇರೆಯವರ ಅಳತೆಗೆ ಹೊಲಿದ ಹಾಗೆ ಆಗಿದ್ದವು. ಹಿಂದೆ ಭಾಮೈದ ಗೇರು ಬದಲಾಯಿಸಿದ ಸದ್ದು ಕೇಳಿಸಿತು. "ಟೈಮಾಯ್ತು ಭಾವ, ನಿಯಮ ನಿಯಮಾನೇ!" ಎಂದು ಹಾರನ್ನು ಒತ್ತಿದ. ನನ್ನ ಕಥೆಗಳೆಲ್ಲ ಒಂದೊಂದಾಗಿ ಸೇತುವೆಯಿಂದ ನೀರಿಗೆ ಹಾರುತ್ತಿರುವಂತೆ ನನಗೆ ಕಂಡಿತು.

ಆಗ ನಡೆದದ್ದನ್ನು ತಾವು ಪತ್ರಿಕೆಗೆ ಕೊಟ್ಟ ವರದಿಯಲ್ಲಿ 'ವ್ಯಾನಿನ ತಾಂತ್ರಿಕ ದೋಷ' ಎಂದು ಕರೆದಿದ್ದೀರಿ. ಆ ತಾಂತ್ರಿಕ ದೋಷವನ್ನು ನಾನು ಮದುವೆಯಾಗಿ ಬಹಳ ವರ್ಷವಾಯಿತು. ನನ್ನಾಕೆ, "ಏಯ್, ಗಾಡಿ ನಿಲ್ಸೋ, ವಾಂತಿ ಬರೋ ಹಾಗಿದೆ" ಎಂದಳು. ಅಕ್ಕನ ಮಾತು, ಅವನು ಗಾಬರಿಯಾಗಿ ನಿಲ್ಲಿಸಿದ. ನಿಂತದ್ದೇ ತಡ, ಕೈ ಚಾಚಿ ಕೀ ಕಿತ್ತುಕೊಂಡು, ಅದನ್ನು ಕೈಚೀಲಕ್ಕೆ ಹಾಕಿ, ಜಿಪ್ಪು ಎಳೆದು, ಇಳಿದು ನಡೆದು ಬಂದು, ನನ್ನ ಕ್ಯಾರಿಯರ್ ಮೇಲೆ ಕೂತಳು. "ಅಕ್ಕಾ, ಇದು ಮೋಸ!" ಎಂದು ಅವನು ಕೂಗಿದ. "ಇವ್ರು ಕಥೆ ಹೇಳೋದು ನಿಲ್ಸಿದ್ರೆ, ನಾನು ದಿನಾ ರಾತ್ರಿ ಯಾರಿಗೆ 'ಸುಳ್ಳು' ಅನ್ಲೋ? ನಿನಗಾ?" ಎಂದು ಇವಳು ತಿರುಗಿ ಕೇಳಿದಳು. ನನಗೆ ಮಾತ್ರ, "ತುಳೀರಿ, ಸುಮ್ನೆ ಮುಂದೆ ನೋಡ್ಕೊಂಡು ತುಳೀರಿ" ಎಂದಳು.

ಮಾನ್ಯರೇ, ನಾನು ತುಳಿದೆ. ಒಬ್ಬನೇ ಇದ್ದಾಗ ನಡೆಯದಿದ್ದ ಸೈಕಲ್ಲು ಇಬ್ಬರಾದ ಮೇಲೆ ಹೇಗೆ ನಡೆಯಿತೆಂದು ತಮ್ಮಲ್ಲಿ ಇಂಜಿನಿಯರುಗಳಿದ್ದರೆ ಬಿಡಿಸಿ ಹೇಳಲಿ. ವ್ಯಾನಿನೊಳಗಿದ್ದವರೆಲ್ಲ ಇಳಿದು ರಸ್ತೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರು, ಹಲ್ಲಿನ ಡಾಕ್ಟರು ಬಾಯಲ್ಲಿದ್ದ ಕಡಲೆಕಾಯಿಯನ್ನೂ ಲೆಕ್ಕಿಸದೆ ಸೀಟಿ ಹೊಡೆದರು. ಕಮಾನಿನಡಿ ಬಂದಾಗ ಬ್ಯಾಂಡಿನವನೊಬ್ಬ ಚೀಲದಿಂದ ಡೋಲು ಮತ್ತೆ ತೆಗೆದು ಎರಡು ಏಟು ಹೊಡೆದ. ಅಣ್ಣನ ಮಗಳು ಓಡಿಬಂದು ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ.

ಆಗ ತಮ್ಮ ಸೀಟಿಯ ಮಹನೀಯರು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಏಳನೆಯ ನಿಯಮದಂತೆ ಸವಾರನ ಬೆನ್ನಿನ ನಂಬರು ಮುಕ್ತಾಯದಲ್ಲಿ ಕಾಣಿಸತಕ್ಕದ್ದು, ಇವರದು ಕಾಣಿಸುತ್ತಿಲ್ಲ ಎಂದರು. "ನಾನು ಕಾಣಿಸ್ತಾ ಇದ್ದೀನಲ್ಲ!" ಎಂದಳು ನನ್ನಾಕೆ. ಅವಳು ಕಾಣಿಸುತ್ತಿದ್ದದ್ದೇ ತೊಂದರೆಯಾಗಿತ್ತು. ತಮ್ಮವರು ಬರೆದುಕೊಂಡರು: ಅನರ್ಹ. ನನ್ನನ್ನು ಉಳಿಸಲು ಬಂದ ಬೆನ್ನೇ ನನ್ನ ಬೆನ್ನನ್ನು ಮರೆಮಾಡಿತು. ಇದಕ್ಕೆ ನಾನು ಅವಳನ್ನು ದೂರಲಾರೆ, ತಮ್ಮನ್ನು ದೂರುತ್ತೇನೆ.

ಈ ಒಂದು ಪದದಿಂದ ನನ್ನ ಮನೆಯಲ್ಲಿ ಆಗಿರುವುದನ್ನು ಕೇಳಿ. ಪದಕವಿಲ್ಲವಾದ್ದರಿಂದ ಪಂದ್ಯ ತಾನೇ ಗೆದ್ದದ್ದೆಂದು ಭಾಮೈದ ಹಟ ಹಿಡಿದಿದ್ದಾನೆ, ನನ್ನ ಬಾಯಿಗೆ ಹೊಲಿಗೆ ಬಿದ್ದಿದೆ. ಆದರೆ ಪಂದ್ಯ ಕಟ್ಟಿದವನು ನಾನು, ನನ್ನಾಕೆಯಲ್ಲವಲ್ಲ. ಈಗ ಕಥೆ ಹೇಳುವವಳು ಅವಳು. ಮೊದಲ ದಿನ ಏರು ಏರಿನಷ್ಟೇ ಇತ್ತು; ಮೊನ್ನೆ ಅದು ಮೋಡಕ್ಕೆ ತಾಗಿತು. ಮೊದಲು ವ್ಯಾನಿನಲ್ಲಿ ಒಬ್ಬರೇ ಹಲ್ಲಿನ ಡಾಕ್ಟರಿದ್ದರು, ಈಗ ಒಂದು ಆಸ್ಪತ್ರೆಯೇ ಇದೆ. ನಿನ್ನೆ ಪಕ್ಕದ ಮನೆಯವರ ಮುಂದೆ, ಸೇತುವೆಯಿಂದ ಆಚೆಗೆ ತಾನೇ ತುಳಿದದ್ದೆಂದೂ, ಮುಂದೆ ಕೂತಿದ್ದವರು ಬರೀ ಬೆಲ್ಲು ಹೊಡೆಯುತ್ತಿದ್ದರೆಂದೂ ಹೇಳಿದಳು. ನಾನು ತಟ್ಟೆಯಿಂದ ತಲೆಯೆತ್ತಿ, ಇಷ್ಟು ವರ್ಷ ಅವಳು ನನಗೆ ಬಡಿಸಿದ ಆ ಪದವನ್ನು ಮೊದಲ ಬಾರಿಗೆ ಅವಳಿಗೆ ಬಡಿಸಿದೆ: "ಸುಳ್ಳು." ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಇನ್ನೊಂದು ಸೌಟು ಜಾಸ್ತಿ ಹಾಕಿ, ಅದನ್ನು ಮೊದಲಿನಿಂದ ಮತ್ತೆ ಹೇಳಿದಳು.

ಆದುದರಿಂದ ತಮ್ಮಲ್ಲಿ ನನ್ನ ಬಿನ್ನಹಗಳು ಅಲ್ಪ. ಮುಂದಿನ ವರ್ಷದಿಂದ ಕ್ಯಾರಿಯರ್ ಮತ್ತು ಸ್ಟ್ಯಾಂಡು ಇರುವ ಸೈಕಲ್ಲುಗಳಿಗೆ ಪ್ರತ್ಯೇಕ ವಿಭಾಗ ತೆರೆದು ಅದರಲ್ಲಿ ನನಗೆ ಈ ವರ್ಷದ ಪ್ರಥಮ ಸ್ಥಾನ ಘೋಷಿಸುವುದು. ಗಾಳಿ ಬೆಳಿಗ್ಗೆ ಹಿಂದಿನಿಂದಲೂ ಮಧ್ಯಾಹ್ನ ಇನ್ನೂ ಹಿಂದಿನಿಂದಲೂ ಬೀಸುವಂತೆ ಸಂಬಂಧಪಟ್ಟವರಿಗೆ ಬರೆಯುವುದು. ಸವಾರನ ಭಾಮೈದನಿಗೆ ಯಾವ ವಾಹನವನ್ನೂ, ಆಟಿಕೆಯದನ್ನು ಸಹ, ಕೊಡದಿರುವುದು. ನಂಬರಿನ ವಿಷಯದಲ್ಲಿ ತಮಗೆ ಅಷ್ಟೊಂದು ಶ್ರದ್ಧೆಯಿದ್ದರೆ ನನ್ನಾಕೆಯ ಬೆನ್ನಿಗೂ ಒಂದನ್ನು ಕೊಡಿ. ಪಿನ್ನು ಬೇಡ, ನಾನೇ ಒಳಗಡೆ ಅಸ್ತರು ಕೊಟ್ಟು ಅಚ್ಚುಕಟ್ಟಾಗಿ ಹೊಲಿಯುತ್ತೇನೆ. ಪದಕವನ್ನು ಅವಳ ಹೆಸರಿಗೇ ಕೊಟ್ಟರೂ ನನ್ನ ತಕರಾರಿಲ್ಲ. ಭಾಮೈದ ಎದ್ದು ನಿಲ್ಲಲಿ, ನನ್ನ ಕಥೆಯಲ್ಲಿ ನನಗೂ ಒಂದು ಪೆಡಲು ಸಿಗಲಿ, ಅಷ್ಟು ಸಾಕು.

ಇಲ್ಲಿಗೆ ಮುಗಿಸುತ್ತೇನೆ, ಒಳಗೆ ತಟ್ಟೆ ಹಾಕುವ ಸದ್ದಾಗುತ್ತಿದೆ, ಕಥೆ ಶುರುವಾಗುವ ಹೊತ್ತು.

ಆರರ ನಂತರವೂ ಯಾವ ವ್ಯಾನೂ ದಾಟದಿರುವ,
ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ದರ್ಜಿ ಚಿಕ್ಕಪ್ಪ

ಮರೆತ ಮಾತು: ವ್ಯಾನಿನ ಕೀ ಕಳೆದಿದೆ, ಸಿಕ್ಕವರು ತಲುಪಿಸಿ ಎಂದು ತಾವು ಬೀದಿಬೀದಿಗೆ ಚೀಟಿ ಅಂಟಿಸಿರುವುದನ್ನು ನೋಡಿ ಕನಿಕರವಾಯಿತು. ಕೀ ಎಲ್ಲೂ ಹೋಗಿಲ್ಲ. ನನ್ನ ಹೊಲಿಗೆ ಯಂತ್ರದ ಮೇಲಿನ ಮೊಳೆಗೆ ನೇತುಹಾಕಿದ್ದೇನೆ, ದಿನಾ ಒರೆಸುತ್ತೇನೆ. ಯಾವಾಗ ಬೇಕಾದರೂ ಬಂದು ತೆಗೆದುಕೊಂಡು ಹೋಗಿ; ಆದರೆ ಗೋಡೆ ಬೋಳಾಗಿ ಕಾಣುವುದು ನನ್ನಾಕೆಗೆ ಹಿಡಿಸುವುದಿಲ್ಲವಾದ್ದರಿಂದ, ಬರುವಾಗ ಆ ಮೊಳೆಗೆ ಹಾಕಲು ಏನಾದರೂ ದುಂಡಗಿರುವುದನ್ನು, ಪಟ್ಟಿ ಸಮೇತ, ತೆಗೆದುಕೊಂಡು ಬನ್ನಿ.