ಹಿಡಿದು ಬಿಡುವ ವೇಣುಗೋಪಾಲ

ಸತ್ತ ಮೇಲಾದರೂ ಮಾವನವರ ಬಾಯಿ ಮುಚ್ಚೀತು ಎಂದುಕೊಂಡಿದ್ದ ವೇಣುಗೋಪಾಲನಿಗೆ ಆ ಸಮಾಧಾನವೂ ಸಿಗಲಿಲ್ಲ. ಗೊರಗುಂಟೆಪಾಳ್ಯದ ಕಾರ್ಖಾನೆ ಬಾಗಿಲು ಹಾಕಿ ಅವನು ಅಲ್ಲಾಳಸಂದ್ರದ ಮನೆಯಲ್ಲಿ ಕೂತಂದಿನಿಂದ, ಹಾಸಿಗೆ ಹಿಡಿದಿದ್ದ ಮಾವ ವೆಂಕಟೇಶಪ್ಪನವರು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: "ನಮ್ಮ ಅಳಿಯಂದ್ರು ನೊಣ ಹೊಡೀತಾ ಇದಾರೆ." ಮಾವನವರು ಸುಟ್ಟು ಬೂದಿಯಾದರು, ಮಾತು ಮಾತ್ರ ಮನೆಯಲ್ಲೇ ಉಳಿಯಿತು.

ಆ ಮಾತಿನ ಮೇಲಿನ ಹಟಕ್ಕೋ ಏನೋ, ವೇಣುಗೋಪಾಲ ಯೂಟ್ಯೂಬ್ ನೋಡಿ ಫ್ಲೈ ಫಿಶಿಂಗ್ ಕಲಿತಿದ್ದ. ಇದಕ್ಕೆ ಎರೆಹುಳು ಬೇಡ. ಕೊಕ್ಕೆಗೆ ಬಣ್ಣದ ದಾರ ಸುತ್ತಿ ನೊಣದಂತೆ ಮಾಡಿ, ಚಾಟಿ ಬೀಸಿದಂತೆ ಬೀಸಿ ನೀರಿಗೆಸೆದರೆ ಮೀನು ಮೋಸಹೋಗುತ್ತದೆ. (ಮಾವನವರು ಹೇಳಿದ್ದನ್ನೇ ಶಾಸ್ತ್ರೋಕ್ತವಾಗಿ ಮಾಡುವುದು ಎನ್ನಿ. ಬಣ್ಣದ ದಾರ ಎಲ್ಲಿಂದ ಬಂತು ಎಂದು ಈಗಲೇ ಕೇಳಬೇಡಿ.)

"ಮೊಟ್ಟೇನೂ ಒಳಗೆ ಬರದ ಮನೇಲಿ ಮೀನ್ಯಾಕ್ರೀ?" ಎಂದು ಹೆಂಡತಿ ಪಂಕಜಾ ಕೇಳಿದ್ದಳು.

"ತಿನ್ನೋಕಲ್ಲ ಕಣೇ. ಹಿಡಿದು ವಾಪಸ್ ಬಿಡೋದು. ಅದೇ ಇದರ ಧರ್ಮ."

"ಬಿಡೋದಾದ್ರೆ ಹಿಡಿಯೋದ್ಯಾಕೆ?"

ಅವನು ಕೋಲು ಹಿಡಿದು ಬೀಸುವ ಅಭ್ಯಾಸಕ್ಕೆ ಮಹಡಿ ಹತ್ತಿದ್ದ. ತಾರಸಿಯ ಮೇಲೆ ನಡೆದ ಘೋರ ತಪಸ್ಸಿಗೆ ಇದುವರೆಗೆ ಸಿಕ್ಕಿದ್ದು ಪಕ್ಕದ ಮನೆ ನೂರ್‌ಜಹಾನ್ ಅವರು ಒಣಹಾಕಿದ್ದ ದುಪಟ್ಟಾ ಒಂದೇ. ಧರ್ಮದ ಪ್ರಕಾರ ಅದನ್ನೂ ವಾಪಸ್ ಬಿಟ್ಟಿದ್ದ.

ಮಾವನವರಿಗೆ ಗಂಡುಮಕ್ಕಳಿಲ್ಲ. ಗೋಕರ್ಣಕ್ಕೆ ಹೋಗಿ ಅಸ್ಥಿ ಬಿಡುವುದು ಅಳಿಯನ ಪಾಲಿಗೆ ಬಂತು. ಪಂಕಜಾಗೆ ಇದ್ದದ್ದು ಒಂದೇ ಆಸೆ: ವರ್ಷಗಟ್ಟಲೆ ನರಳಿದ ಅಪ್ಪ ಇನ್ನಾದರೂ ನೆಮ್ಮದಿಯಾಗಿ ಹೋಗಲಿ. "ಅಲ್ಲೇನೂ ಎಡವಟ್ಟು ಮಾಡ್ಬೇಡಿ, ಕೈ ಮುಗೀತೀನಿ," ಎಂದು ಯಶವಂತಪುರದಲ್ಲಿ ರೈಲು ಹತ್ತುವಾಗ ಹೇಳಿದಳು, ನಿಜವಾಗಿಯೂ ಕೈ ಮುಗಿದಳು. ವೇಣುಗೋಪಾಲನಿಗೆ ನಾಚಿಕೆಯಾಯಿತು. ಆದರೆ ನಾಲ್ಕು ತುಂಡಾಗಿ ಬಿಚ್ಚುವ, ಪ್ರಯಾಣಕ್ಕೆಂದೇ ಮಾಡಿದ ಗಾಳದ ಕೋಲು ಆಗಲೇ ಚೀಲದಲ್ಲಿ ಪಂಚೆ ಸುತ್ತಿಕೊಂಡು ಮಾವನವರ ಮಡಕೆಯ ಪಕ್ಕ ಮಲಗಿತ್ತು.

ಕಡಲಲ್ಲಿ ಎಲ್ಲ ಸಾಂಗವಾಗಿ ನಡೆಯಿತು. ಬಾಯಿಗೆ ಕೆಂಪು ಬಟ್ಟೆ ಬಿಗಿದ ಮಡಕೆಯನ್ನು ಸೊಂಟದುದ್ದ ನೀರಿನಲ್ಲಿ ನಿಂತು ಬೆನ್ನ ಹಿಂದಕ್ಕೆ ಬಿಟ್ಟ. "ತಿರುಗಿ ನೋಡಬಾರದು," ಎಂದರು ಭಟ್ಟರು. ಅವನು ನೋಡಲಿಲ್ಲ. ಪಂಕಜಾ ಮರಳಿನ ಮೇಲೆ ಕೂತು ಸದ್ದಿಲ್ಲದೆ ಅತ್ತಳು.

ಅವಳು ಮುಖ ತೊಳೆಯಲು ಹೋದದ್ದೇ ತಡ, ಅವನು ಸ್ವಲ್ಪ ದೂರ ನಡೆದು, ಕೋಲು ಜೋಡಿಸಿ, ಅಲೆ ಒಡೆಯುವ ಕಡೆಗೆ ಬೀಸಿದ. ಗಾಳಿಗೆ ಗಾಳ ಹಿಂದೆ ಬಂದು ಅವನ ಪಂಚೆಯನ್ನೇ ಹಿಡಿಯಿತು. ಬಿಡಿಸಿಕೊಂಡು ಮತ್ತೆ ಬೀಸಿದ. ಈ ಸಲ ದಾರ ಬಿಗಿಯಿತು, ಕೋಲು ಬಿಲ್ಲಾಯಿತು.

"ಸಿಕ್ತು! ಪಂಕಜಾ, ಸಿಕ್ತು ಕಣೇ!" ಎಂದು ಸೂತಕ ಮರೆತು ಕೂಗಿದ. ನೊಣದ ಮಹಿಮೆ ಕಾಣಲು ಮಾವನವರು ಇರಬೇಕಿತ್ತು ಎನ್ನಿಸಿತು.

ಮಾವನವರು ಇದ್ದರು. ನೊರೆಯಲ್ಲಿ ಹೊರಳುತ್ತ ದಡಕ್ಕೆ ಬಂದದ್ದು ಅವರ ಮಡಕೆಯೇ. ಕೊಕ್ಕೆ ಕೆಂಪು ಬಟ್ಟೆಯ ಗಂಟಿಗೆ ನಾಟಿತ್ತು.

ಓಡಿ ಬಂದ ಪಂಕಜಾ ಬೈಯಲಿಲ್ಲ. ಅವಳು ಕುಕ್ಕರಗಾಲಲ್ಲಿ ಕೂತು ಕೊಕ್ಕೆಯನ್ನು ಬೆರಳಿಂದ ಎತ್ತಿ ನೋಡಿದಳು. ನೇರಳೆ ಬಣ್ಣದ ರೇಷ್ಮೆ ನೊಣ.

"ಇದು ನನ್ನ ಸೀರೆ ಕುಚ್ಚು."

"ಒಂದೇ ಒಂದು ಕಣೇ, ಅಂಚಿಂದ..."

"ಅಪ್ಪ ಕೊನೇಲಿ ಕೊಡಿಸಿದ ಸೀರೆ. ಮಗಳು ಕರೀತಿದಾಳೆ ಅಂತ ಬಂದ್ಬಿಟ್ರು, ಪಾಪ."

ಅವಳು ಕೊಕ್ಕೆ ಬಿಡಿಸಿ, ಕುಚ್ಚನ್ನು ಸೆರಗಿಗೆ ಗಂಟು ಹಾಕಿಕೊಂಡು, ಮಡಕೆಯನ್ನು ಎತ್ತಿ ಅವನ ಕೈಗೆ ಕೊಟ್ಟಳು.

"ಹಿಡಿದಾಯ್ತಲ್ಲ. ಹಿಡಿದ್ಮೇಲೆ ಬಿಡೋದೇ ಧರ್ಮ ಅಂದಿದ್ರಿ. ಹೋಗಿ, ಬಿಡಿ." ಅವನು ನೀರಿಗಿಳಿದ ಮೇಲೆ ಹಿಂದಿನಿಂದ ಕೂಗಿದಳು: "ರೀ, ಈ ಸಲ ತಿರುಗಿ ನೋಡ್ಕೊಂಡೇ ಬನ್ನಿ!"