ಬಚ್ಚಲಿಗೆ ಬಾಗಿಲು ಕೂರಗೊಡದ ಮೂಲೆಮಟ್ಟಕ್ಕೆ

ಪರಮಪೂಜ್ಯ ಮೂಲೆಮಟ್ಟದವರೇ,

ಇಲ್ಲ ಸ್ವಾಮಿ, ಒಪ್ಪುವುದಿಲ್ಲ. ನನ್ನ ಕೈ ಸೊಟ್ಟಗಿಲ್ಲ. ಹುಣಸೂರಿನ ಮರಗೆಲಸದಂಗಡಿಯಲ್ಲಿ ಆರು ವರ್ಷದಿಂದ ಬಾಗಿಲು ಮಾಡುತ್ತಿರುವ ನನಗೆ, ತಾವು ಹಲಗೆಯ ಮೂಲೆಗೆ ಒರಗಿ ನಿಂತು, ತುಟಿ ಬಿಚ್ಚದೆ, ಕೂದಲೆಳೆಯಷ್ಟು ಸಂದಿ ತೋರಿಸಿ ಮಾಡುವ ಅವಮಾನವನ್ನು ಇನ್ನು ಸಹಿಸಲಾರೆ. ಮಾನ್ಯರೇ, ತಾವು ಮೂಲೆ ತೊಂಬತ್ತು ಡಿಗ್ರಿ ಇದೆಯೇ ಎಂದು ನೋಡಲು ಜೋಡಿಸಿದ ಕಬ್ಬಿಣದ ಎರಡು ಪಟ್ಟಿ. ನಾನು ಮನುಷ್ಯ.

ತಮ್ಮ ಕೃಪೆಯಿಂದ ಬೆಟ್ಟದಪುರದ ನಮ್ಮ ಮನೆಯ ಬಚ್ಚಲಿಗೆ ಎರಡು ವರ್ಷದಿಂದ ಅವ್ವನ ಹಳೇ ಸೀರೆಯೇ ಬಾಗಿಲು. ಊರಿಗೆಲ್ಲ ಬಾಗಿಲು ಕೂರಿಸುವ ನಾನು ನಮ್ಮನೆಯದನ್ನು ಮಾತ್ರ ತಮ್ಮ ಮಾತು ಕೇಳಿ ಉಜ್ಜಿದೆ, ಮತ್ತೆ ಉಜ್ಜಿದೆ. ಮೊದಲನೆಯದು ಕಿಟಕಿಗೆ ಸಾಲುವಷ್ಟಾಯಿತು, ಎರಡನೆಯದು ಕೋಳಿಗೂಡಿನ ಮುಚ್ಚಳವಾಯಿತು. ಕೋಳಿಗಳು ತೊಂಬತ್ತು ಡಿಗ್ರಿಯಲ್ಲಿ ಸುಖವಾಗಿವೆ. ಅವ್ವ ಪುಟ್ಟಸಿದ್ದಮ್ಮ ನೀರು ಹುಯ್ದುಕೊಳ್ಳುವಾಗ ಯಾರೂ ಒಳಗೆ ಬಾರದಿರಲೆಂದು ಗಟ್ಟಿಯಾಗಿ ಸೋಬಾನೆ ಹಾಡುತ್ತಾಳೆ. ಬೀದಿಗೆಲ್ಲ ಈಗ ಬಾಯಿಪಾಠ.

ಹೋದ ವಾರ ಅಕ್ಕ ಸುಕನ್ಯ ಹೆರಿಗೆಗೆ ಬಂದಳು. ಬಾಣಂತಿಗೂ ಕೂಸಿಗೂ ನೀರು ಹಾಕುವಾಗ ಗಾಳಿ ತಾಕಬಾರದು. ತಮ್ಮನ್ನು ಯಾರೂ ಹೆತ್ತಿಲ್ಲವಾದ್ದರಿಂದ ತಮಗೆ ತಿಳಿದಿರಲಿಕ್ಕಿಲ್ಲ. ಅಕ್ಕ ಸೀರೆ ಸರಿಸಿ ನೋಡಿ, “ಲೇ ಮಾದೇಶ, ನಿನ್ ಬಾಗ್ಲು ಸರ್‍ಯಾಗೋ ಗಂಟ ನನ್ ಕೂಸು ಒಟ್ಟೇಲೇ ಕುಂತಿರ್ಬೇಕೇನ್ಲಾ?” ಅಂದಳು. “ಅವ್ನ್ ಮದ್ವೆ ಒತ್ಗಾದ್ರೂ ಆಯ್ತದೆ ಬುಡು ಕಣವ್ವ” ಅಂತ ಅವ್ವ.

ರೇಗಿತು. ಕೊನೆಗೂ ತಾವು ಮೆಚ್ಚಿದ ಮೂರನೆಯ ಬಾಗಿಲನ್ನು ಅಂಗಡಿಯಿಂದ ಹೊತ್ತು ತಂದು ಬಚ್ಚಲಿಗೆ ನಿಲ್ಲಿಸಿದರೆ ಒಂದು ಮೂಲೆ ತಗಲುತ್ತದೆ, ಇನ್ನೊಂದರಲ್ಲಿ ಕೈ ತೂರುತ್ತದೆ! ತಮ್ಮನ್ನು ಗೋಡೆಗೇ ಹಿಡಿದೆ. ತಾತ ಹುಚ್ಚಯ್ಯ ಮಣ್ಣು ಕಲಸಿ ಕಟ್ಟಿದ ಗೋಡೆಯೇ ವಾಲಿತ್ತು. ಐವತ್ತು ವರ್ಷದಿಂದ ವಾಲಿಕೊಂಡೇ ನಿಂತಿದೆ, ಯಾರ ಕ್ಷಮೆಯನ್ನೂ ಕೇಳಿಲ್ಲ. ತಮ್ಮ ಒಪ್ಪಿಗೆ ಸಿಗದೆ ಎರಡು ವರ್ಷ ಒಂದು ಬಾಗಿಲನ್ನೂ ಅಲ್ಲಿಗೆ ಹಿಡಿದು ನೋಡಿರಲಿಲ್ಲವಲ್ಲ ನಾನು!

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಪುಸ್ತಕದ ಮೇಲೆ ಬೀಳುತ್ತಿದ್ದ ಮೇಷ್ಟರ ಕೆಂಪು ಗೆರೆ ಮರದ ಮೇಲಾದರೂ ಬೀಳದಿರಲೆಂದು ತಮ್ಮ ಕಾಲು ಹಿಡಿದೆ. ಬೈಸಿಕೊಳ್ಳುವ ಹೆದರಿಕೆಗೆ ಅಚ್ಚುಕಟ್ಟು ಅಂತ ಹೆಸರಿಟ್ಟುಕೊಂಡಿದ್ದೆ. ಇವತ್ತು ತಗಲಿದ ಮೂಲೆಯನ್ನು ಕೊಯ್ದು, ಸಂದಿಗೆ ಮರದ ಪಟ್ಟಿ ಬಡಿದೆ. ಒಂದೂವರೆ ಗಂಟೆಯ ಕೆಲಸ.

ಇನ್ನು ತಮಗೆ ಬಿಡುವಾಯಿತು. ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ಮೇಲಿಂದ ಮನಸ್ಸಿಗೆ ಬಂದಂತೆ ಬೀಳುತ್ತಿದ್ದಾಳೆ, ದಯಮಾಡಿ ತೊಂಬತ್ತು ಡಿಗ್ರಿಗೆ ತರತಕ್ಕದ್ದು. ಬರುವಾಗ ನಮ್ಮೂರ ಬೆಟ್ಟದ ಎರಡೂ ಮಗ್ಗುಲನ್ನು ಸಮ ಮಾಡಿಕೊಡತಕ್ಕದ್ದು.

ಈ ಸಂಜೆಯವರೆಗೆ ಮಾತ್ರ ತಮ್ಮ ವಿಶ್ವಾಸಿ,
ಮಾದೇಶ

ತಾ.ಕ.: ತಮ್ಮನ್ನು ಬಚ್ಚಲೊಳಗಿನ ಮೊಳೆಗೆ ನೇತುಹಾಕಿದ್ದೇನೆ, ಕೂಸಿನ ಬಟ್ಟೆ ತಮ್ಮ ತೋಳಿನ ಮೇಲೆ ಒಣಗಲಿದೆ. ಅಂಗಡಿಯಲ್ಲಿ ಬೇಕಾದಾಗ ಕರೆಯುತ್ತೇನೆ, ಬಂದು ಹಲಗೆಯನ್ನು ನೋಡಿ, ನನ್ನನ್ನು ನೋಡಬೇಡಿ. ಬಾಗಿಲು ಕೆಳಗೆ ಇನ್ನೂ ಕೊಂಚ ತಗಲುತ್ತದೆ. ಹೌದು, ಕಂಡಿದೆ. ಜೋರಾಗಿ ಎಳೆದರೆ ಕೂರುತ್ತದೆ. ನಾನು ಹೊರಟೆ, ಎಳೆಯುತ್ತಿದ್ದೇನೆ, ತಾವು ಒಳಗೇ ಇರಿ.

ಧಡ್!